ರಾಜಗೀರ್ ಬೆಟ್ಟಕ್ಕೆ ತೂಗುಕುರ್ಚಿಯಲ್ಲಿ

ನಮ್ಮೂರು ಪಾಂಡವಪುರ. ಪಾಂಡವರು ತಂಗಿದ್ದರೆಂದು ಹೇಳುವ ಕುಂತಿಬೆಟ್ಟ ಹತ್ತಿ ಬೆಳೆದವನಿಗೆ, ಭೀಮ ಜರಾಸಂಧನನ್ನು ಸೀಳಿದ ಊರು ನೋಡುವ ಆಸೆ ಚಿಕ್ಕಂದಿನಿಂದಲೂ ಇತ್ತು. ಅದೇ ಬಿಹಾರದ ರಾಜಗೀರ್, ಮಗಧದ ಹಳೆಯ ರಾಜಧಾನಿ ರಾಜಗೃಹ. ಬ್ಯಾಂಕಿನಿಂದ ನಿವೃತ್ತನಾಗಿ ಎಷ್ಟೋ ವರ್ಷಗಳ ಮೇಲೆ, ಗಯಾ ಯಾತ್ರೆಗೆ ಹೋದಾಗ ಅದು ಕೈಗೂಡಿತು.

ಜರಾಸಂಧನ ಅಖಾಡವೆಂದು ತೋರಿಸುವ ಜಾಗವನ್ನು ಹತ್ತೇ ನಿಮಿಷದಲ್ಲಿ ನೋಡಿ ಮುಗಿಸಿದೆವು. ಮನಸ್ಸು ನಿಂತದ್ದು ರತ್ನಗಿರಿಯಲ್ಲಿ. ಅದರ ನೆತ್ತಿಯ ಮೇಲೆ ಹಾಲು ಬಿಳುಪಿನ ವಿಶ್ವಶಾಂತಿ ಸ್ತೂಪವಿದೆ. ಜಪಾನಿನ ಭಿಕ್ಷು ಫುಜಿ ಗುರೂಜಿಯವರ ಪ್ರಯತ್ನದಿಂದ ಎದ್ದುನಿಂತ ಇದನ್ನು 1969ರಲ್ಲಿ ರಾಷ್ಟ್ರಪತಿ ವಿ.ವಿ. ಗಿರಿ ಉದ್ಘಾಟಿಸಿದರು. ಮೇಲೇರಲು ರೋಪ್‌ವೇ ಉಂಟು. ಈಗ ಎಂಟು ಜನ ಕೂರುವ ಕ್ಯಾಬಿನ್ ಕೂಡ ಬಂದಿದೆ. ಆದರೆ ಅಂದು ಅದರ ಸಾಲು ಹನುಮಂತನ ಬಾಲ! ಹಳೆಯದರಲ್ಲಿ ಒಬ್ಬರಿಗೊಂದೇ ಕುರ್ಚಿ. ಅದು ಯಾರಿಗೂ ನಿಲ್ಲುವುದಿಲ್ಲ. ಹಿಂದಿನಿಂದ ಬಂದಾಗ ಕೂತುಬಿಡಬೇಕು.

ನನ್ನಾಕೆಗೆ ಮಂಡಿನೋವು. ಹಿಂದಿನ ವರ್ಷ ಮೇಲುಕೋಟೆಯಲ್ಲಿ ಯೋಗನರಸಿಂಹನ ಮೆಟ್ಟಿಲನ್ನು ಅರ್ಧಕ್ಕೇ ಬಿಟ್ಟು, ಅಲ್ಲಿಂದಲೇ ಕೈಮುಗಿದು ಇಳಿದಿದ್ದಳು. ಮದುವೆಯಾಗಿ 46 ವರ್ಷ. ನನ್ನ ಕೈ ಹಿಡಿಯದೆ ಅವಳು ಯಾವ ಬೆಟ್ಟವನ್ನೂ ಹತ್ತಿದವಳಲ್ಲ.

“ಭಯವಾದರೆ ಬೇಡ ಬಿಡು” ಎಂದೆ.

“ಇಷ್ಟು ದೂರ ಬಂದು ಕೆಳಗೇ ನಿಲ್ಲೋಕಾ?” ಎಂದಳು.

ಅಲ್ಲಿನ ಸಿಬ್ಬಂದಿ ತೋಳು ಹಿಡಿದು ಕೂರಿಸಿಯೇಬಿಟ್ಟ. ಹಿಂದಿನ ಕುರ್ಚಿಯಲ್ಲಿ ನಾನು. ಕಾಲ ಕೆಳಗೆ ಬಂಡೆ, ಪೊದೆ. ಕಣ್ಣ ಮುಂದೆ ಅವಳ ತುರುಬು ಮಾತ್ರ. “ಹೆದರಬೇಡ ಕಣೇ” ಎಂದು ಕೂಗಿದೆ. ಉತ್ತರವಿಲ್ಲ. ನಿಜ ಹೇಳಬೇಕೆಂದರೆ, ಕಣ್ಣು ಮುಚ್ಚಿಕೊಂಡವನು ನಾನೇ.

ಸ್ತೂಪದ ನಾಲ್ಕು ದಿಕ್ಕಿಗೂ ಬಂಗಾರ ಬಣ್ಣದ ಬುದ್ಧ: ಜನನ, ಜ್ಞಾನೋದಯ, ಉಪದೇಶ, ಪರಿನಿರ್ವಾಣ. ಅವಳು ನಿಧಾನವಾಗಿ ಒಂದು ಸುತ್ತು ಬಂದಳು. ಬುದ್ಧ ಉಪದೇಶ ಮಾಡಿದ ಗೃಧ್ರಕೂಟಕ್ಕೆ ಅಲ್ಲಿಂದ ಕಾಲುದಾರಿಯಿದೆ.

“ಅಷ್ಟು ದೂರ ನನ್ನಿಂದಾಗಲ್ಲ. ನೀವು ನೋಡ್ಕೊಂಡು ಬನ್ನಿ. ಕುರ್ಚೀಲಿ ನಾನೊಬ್ಬಳೇ ಇಳೀತೀನಿ.”

ಅರೆಮನಸ್ಸಿನಿಂದ ಹೊರಟೆ. ಗೃಧ್ರಕೂಟದಿಂದ ಇಳಿಯುವುದು, ಬುದ್ಧನ ದರ್ಶನಕ್ಕೆಂದು ಬಿಂಬಿಸಾರ ಮಾಡಿಸಿದನೆನ್ನುವ ಹಾದಿ. ಒಂದೆಡೆ ದೊರೆ ರಥ ಇಳಿದು ನಡೆದನಂತೆ, ಇನ್ನೊಂದೆಡೆ ಜನರನ್ನೆಲ್ಲ ಹಿಂದಕ್ಕೆ ಕಳಿಸಿದನಂತೆ. ಎರಡು ಕಡೆಯೂ ಪುಟ್ಟ ಸ್ತೂಪಗಳಿದ್ದವೆಂದು 7ನೇ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. ನಾನೋ, ಮೇಲೆ ಕುರ್ಚಿಗಳು ಹೋಗುವುದನ್ನೇ ನೋಡುತ್ತಾ ಎರಡು ಬಾರಿ ಎಡವಿದೆ.

ಕೆಳಗೆ ಬಂದರೆ ಅವಳು ಬೆಂಚಿನ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಾಳೆ. ನನಗೊಂದು ಹಿಡಿ ಕೊಟ್ಟು ಕೇಳಿದಳು: “ಏನ್ರೀ, ಸಾಲು ಕಮ್ಮಿಯಾಗಿದೆ. ಇನ್ನೊಂದ್ಸಲ ಹೋಗೋಣ್ವಾ?”