ಗಡಿನಾಡಿನ ಮೊದಲ ಚಿಗುರು

ಪಠ್ಯಪುಸ್ತಕದ ಪ್ರಕಾರ ಚೈತ್ರ, ವೈಶಾಖ ಮಾಸಗಳು ವಸಂತ ಋತು. ಯುಗಾದಿಯಂದು ಅದು ಆರಂಭವಾಗುತ್ತದೆ. ಮಾವು ಚಿಗುರುತ್ತದೆ, ಕೋಗಿಲೆ ಹಾಡುತ್ತದೆ. ಮಂಜೇಶ್ವರದ ಮಗುವೂ ಜತ್ತದ ಮಗುವೂ ಪ್ರಬಂಧದಲ್ಲಿ ಬರೆಯುವುದು ಇದನ್ನೇ. ಮಾವಿನ ಮರವೇ ಕಾಣಸಿಗದ ನೀಲಗಿರಿಯ ಎತ್ತರದ ಊರಿನ ಮಗುವೂ ಇದನ್ನೇ ಬರೆಯುತ್ತದೆ. ಬರೆದದ್ದಕ್ಕೆ ಅಂಕವೂ ದೊರೆಯುತ್ತದೆ. ಶಾಲೆಯ ಕಿಟಕಿಯ ಹೊರಗೆ ಬಂದು ನಿಂತ ವಸಂತ ಮಾತ್ರ ಉತ್ತರಪತ್ರಿಕೆಗೆ ಸೇರುವುದಿಲ್ಲ.

ಪಂಚಾಂಗ ಈ ವಿಷಯದಲ್ಲಿ ಪುಸ್ತಕಕ್ಕಿಂತ ಉದಾರಿ. ಮಾಘ ಶುದ್ಧ ಪಂಚಮಿಯನ್ನೇ ಅದು ವಸಂತ ಪಂಚಮಿ ಎಂದು ಕರೆಯುತ್ತದೆ. ಅಂದಿನಿಂದ ಯುಗಾದಿಗೆ ಇನ್ನೂ ಸುಮಾರು ಎಂಟು ವಾರಗಳಿರುತ್ತವೆ. ಋತು ಒಂದು ಬೆಳಗಿನಲ್ಲಿ ಬಾಗಿಲು ತಟ್ಟಿ ಒಳಬರುವಂಥದಲ್ಲ, ಅಲ್ಲೊಂದು ಇಲ್ಲೊಂದು ಗುರುತು ಕಳುಹಿಸಿ ಬರುವಂಥದು ಎಂಬ ತಿಳಿವಳಿಕೆ ಹಿರಿಯರಿಗೆ ಇದ್ದಿರಬೇಕು. ಆ ಗುರುತುಗಳು ಊರಿಂದೂರಿಗೆ ಬೇರೆ.

ಕಾಸರಗೋಡಿನ ಕಡಲ ಬದಿಯಲ್ಲಿ ಮೊದಲ ಗುರುತು ಬಹಳ ಮುಂಚೆಯೇ ಬರುತ್ತದೆ. ಮಕರ ಸಂಕ್ರಾಂತಿಯ ಆಸುಪಾಸಿನಲ್ಲಿ ಮಾವು ಹೂಬಿಟ್ಟಿರುತ್ತದೆ. ಮುರಕಲ್ಲಿನ ಗುಡ್ಡಗಳ ಮೇಲೆ ಗೇರುಮರ ಕಂಪು ಬೀರತೊಡಗಿರುತ್ತದೆ. ಹೂ ಬಿಟ್ಟ ಮೇಲೆ ಮನೆಮಂದಿಯ ಕಣ್ಣೆಲ್ಲ ಆಕಾಶದ ಕಡೆಗೆ. ಮೋಡ ಕವಿದು ಇಬ್ಬನಿ ಹೆಚ್ಚಾದರೆ ಮಾವಿನ ಹೂವು ಕಪ್ಪಾಗಿ ಉದುರುತ್ತದೆ. ಆ ವರ್ಷದ ಉಪ್ಪಿನಕಾಯಿಯ ಮಿಡಿ ಅಲ್ಲಿಗೇ ಹೋಯಿತು. ಮಾರ್ಚ್ ತಿಂಗಳಲ್ಲಿ ಸುರಗಿಯ ಸರದಿ. ರೆಂಬೆಗೇ ಅಂಟಿಕೊಂಡು ಮೂಡುವ ಅದರ ಮೊಗ್ಗುಗಳನ್ನು ಬೆಳಗಿನ ಹೊತ್ತಿನಲ್ಲೇ ಕೊಯ್ದು ಪೋಣಿಸಬೇಕು. ಒಣಗಿದ ಮೇಲೂ ಪರಿಮಳ ಬಿಡದ ಹೂವು ಅದು. ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಒಣ ಸುರಗಿಯ ಮಾಲೆ ಸಿಕ್ಕಿದರೆ ಆಶ್ಚರ್ಯವಿಲ್ಲ.

ಕೊನೆಯಲ್ಲಿ ಕಕ್ಕೆ. ಮಲಯಾಳದಲ್ಲಿ ಇದು ಕೊನ್ನ, ಕೇರಳದ ರಾಜ್ಯ ಪುಷ್ಪ. ಏಪ್ರಿಲ್ ನಡುವಿನಲ್ಲಿ ಬರುವ ವಿಷುವಿನ ಕಣಿಗೆ ಇದರ ಹಳದಿ ಗೊಂಚಲು ಬೇಕೇ ಬೇಕು. ಅದೇ ಹಬ್ಬವನ್ನು ಬಿಸು ಎಂದು ಆಚರಿಸುವ ತುಳು, ಕನ್ನಡ ಮನೆಗಳಲ್ಲಿಯೂ ಕಣಿ ಇಡುವ ವಾಡಿಕೆಯುಂಟು: ಅಕ್ಕಿ, ತೆಂಗಿನಕಾಯಿ, ತರಕಾರಿ, ಕನ್ನಡಿ, ಒಡವೆ, ಬೆಳಗ್ಗೆ ಎದ್ದು ಮೊದಲು ಅದನ್ನು ಕಂಡು ಹಿರಿಯರಿಗೆ ನಮಸ್ಕಾರ. ಆದರೆ ಈಚಿನ ವರ್ಷಗಳಲ್ಲಿ ಕಕ್ಕೆ ಹಬ್ಬದ ದಾರಿ ಕಾಯದೆ ಫೆಬ್ರವರಿಯಲ್ಲೇ ಅರಳಿಬಿಡುವುದುಂಟು. ವಿಷುವಿನ ಹೊತ್ತಿಗೆ ಮರದಲ್ಲಿ ಉಳಿಯುವುದು ಎಲೆ ಮತ್ತು ಎಳೆಯ ಕೋಡು. ಒಂದು ಮರ ಒಂದು ವರ್ಷ ಹೀಗೆ ಮಾಡಿದರೆ ಅದು ಮರದ ಸ್ವಭಾವ. ಅನೇಕ ಮರಗಳು ಅನೇಕ ವರ್ಷ ಮಾಡಿದರೆ ಅದಕ್ಕೆ ಕಾರಣ ಹುಡುಕಬೇಕಾಗುತ್ತದೆ.

ಹುಡುಕುವ ಕೆಲಸದಲ್ಲಿ ಶಾಲಾ ಮಕ್ಕಳಿಗೂ ಪಾಲಿದೆ ಎಂಬುದು ಸಂತೋಷದ ಸಂಗತಿ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಮಕ್ಕಳು ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡುತ್ತಾರೆ: ಎಳೆಯೆಲೆ ಇದೆಯೇ, ಮೊಗ್ಗು ಬಂದಿದೆಯೇ, ಹೂವು ಕೆಲವೋ ಹಲವೋ, ಕಾಯಿ ಹಣ್ಣಾಯಿತೇ. ನೋಡಿದ್ದನ್ನು ದಾಖಲಿಸುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಪಾಲ್ಗೊಂಡಿವೆ. ಇದಕ್ಕೆ ಉಪಕರಣ ಬೇಡ, ಹಣ ಬೇಡ. ಮರದ ಹೆಸರು ಗೊತ್ತಿರಬೇಕು, ಅಷ್ಟೆ.

ಕರಾವಳಿಯಿಂದ ಘಟ್ಟ ಹತ್ತಿ ವಯನಾಡಿಗೆ ಬಂದರೆ ವಸಂತ ಬಿಳಿಯ ಬಣ್ಣದ್ದು. ಚಳಿಗಾಲದುದ್ದಕ್ಕೂ ಕಾಫಿ ಗಿಡದ ಗೆಣ್ಣುಗಳಲ್ಲಿ ಮೊಗ್ಗುಗಳು ನಿದ್ರಿಸುತ್ತಿರುತ್ತವೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಸುಮಾರು ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಒಮ್ಮೆಗೆ ಅರಳುತ್ತದೆ. ಮಲ್ಲಿಗೆಯನ್ನು ನೆನಪಿಸುವ ಕಂಪು. ಈ ಮಳೆಗೆ ಕನ್ನಡದಲ್ಲಿ ಹೂಮಳೆ ಎಂಬ ಚೆಲುವಾದ ಹೆಸರಿದೆ. ಹೆಸರು ಚೆಲುವಾದರೂ ವ್ಯವಹಾರ ಕಠಿಣ. ಮಳೆ ಸಾಲದಿದ್ದರೆ ಮೊಗ್ಗು ಅರೆಬಿರಿದು ಕೆಡುತ್ತದೆ. ಹೂ ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಪರಾಗ ತೊಳೆದುಹೋಗಿ ಕಾಯಿ ಕಟ್ಟುವುದಿಲ್ಲ. ವಯನಾಡಿನಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾ ತನ್ನದೇ ಪರಾಗದಿಂದ ಫಲಿಸದು. ಗಾಳಿಯೂ ಜೇನೂ ಒಂದು ಗಿಡದಿಂದ ಇನ್ನೊಂದಕ್ಕೆ ಪರಾಗ ಒಯ್ಯಲು ಸಿಗುವುದು ಎರಡು ಮೂರು ದಿನ ಮಾತ್ರ. ಒಂದು ಕುಟುಂಬದ ವರ್ಷದ ಆದಾಯ, ಮಕ್ಕಳ ಓದಿನ ಖರ್ಚು ಸೇರಿ, ಆ ಎರಡು ಮೂರು ದಿನಗಳ ಮೇಲೆ ನಿಂತಿರುತ್ತದೆ.

ಇನ್ನೂ ಮೇಲೆ, ಉದಕಮಂಡಲದ ಸುತ್ತ, ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಆ ಚಳಿ ಪೂರ್ಣ ಇಳಿಯುವ ಮೊದಲೇ ಸೋಲೆಕಾಡಿನ ಅಂಚಿನಲ್ಲಿ ರೋಡೋಡೆಂಡ್ರಾನ್ ಮರ ಕೆಂಪು ಹೂ ತಳೆಯುತ್ತದೆ. ಅಲ್ಲಿಯ ಮಗು ವಸಂತದ ಬಗೆಗೆ ಬರೆಯಬೇಕಾದರೆ ಈ ಮರದಿಂದ ಆರಂಭಿಸುವುದೇ ನ್ಯಾಯ.

ಬೆಟ್ಟದ ಪೂರ್ವದ ತಪ್ಪಲಿನಾಚೆ, ತಾಳವಾಡಿಯ ಸೀಮೆಯಲ್ಲಿ, ಕಾಡು ಒಣಗಿ ಬೂದುಬಣ್ಣಕ್ಕೆ ತಿರುಗಿರುವಾಗ ಮುತ್ತುಗ ಹೊತ್ತಿಕೊಂಡಂತೆ ಅರಳುತ್ತದೆ. ನೀರೇ ಇಲ್ಲದ ಕಾಲದಲ್ಲಿ ಮರಗಳು ಎಲೆಯುದುರಿಸಿ ಹೂ ಬಿಡುವುದೇಕೆ ಎಂದು ಮಕ್ಕಳು ಕೇಳುವುದುಂಟು; ಕೇಳಬೇಕಾದ ಪ್ರಶ್ನೆಯೇ. ಎಲೆ ಉದುರಿದರೆ ನೀರಿನ ಖರ್ಚು ನಿಲ್ಲುತ್ತದೆ. ಕಾಂಡದಲ್ಲಿಯೂ ಆಳದ ಬೇರಿನಲ್ಲಿಯೂ ಉಳಿದ ತೇವ ಹೂವಿಗೆ ಸಲ್ಲುತ್ತದೆ. ಬರಿಯ ಕೊಂಬೆಯ ಮೇಲಿನ ಕೆಂಪು ಹೂವು ದೂರದ ಹಕ್ಕಿಗೂ ಕಾಣುತ್ತದೆ, ಮಕರಂದಕ್ಕೆ ಬಂದ ಹಕ್ಕಿ ಪರಾಗವನ್ನು ಹೊತ್ತೊಯ್ಯುತ್ತದೆ. ಎಳೆಯೆಲೆಯ ಕೆಂಪಿಗೂ ಕಾರಣ ಹೇಳುತ್ತಾರೆ: ಎಲೆ ಬಲಿಯುವ ತನಕ ಮರ ಅದರಲ್ಲಿ ಹಸಿರು ತುಂಬುವುದಿಲ್ಲ, ಹುಳು ತಿಂದರೂ ನಷ್ಟ ಕಡಿಮೆ. ಕೆಂಪಾದ ತಳಿರು ಕೆಂದಳಿರು. ಕನ್ನಡ ಈ ಮಾತನ್ನು ಬಹಳ ಹಿಂದೆಯೇ ಕಟ್ಟಿಕೊಂಡಿದೆ.

ಅಲ್ಲಿಂದ ಬಹು ದೂರ ಉತ್ತರಕ್ಕೆ, ಸೋಲಾಪುರ, ಅಕ್ಕಲಕೋಟೆ, ಜತ್ತದ ಬಯಲಿನಲ್ಲಿ ಲೆಕ್ಕವೇ ತಲೆಕೆಳಗು. ಎರೆಭೂಮಿಯಲ್ಲಿ ಹಿಂಗಾರಿ ಜೋಳ ಉಳಿದ ತೇವವನ್ನೇ ನಂಬಿ ಚಳಿಗಾಲದಲ್ಲಿ ಬೆಳೆಯುತ್ತದೆ. ಸೀತನಿ ಸುಡುವ ದಿನಗಳು ಮುಗಿದು, ಕಡಲೆ ಕಿತ್ತು, ಕುಸುಬೆಯ ಹಳದಿ ಹೂ ಮುಳ್ಳಾಗಿ ಒಣಗಿ, ಜೋಳದ ಕೊಯಿಲು ಆಗುವಷ್ಟರಲ್ಲಿ ವಸಂತ. ಬೇರೆಡೆ ಹಸಿರು ಮೂಡುವ ಕಾಲಕ್ಕೆ ಇಲ್ಲಿ ಹೊಲ ಬರಿದು, ನೆಲ ಬಿರುಕು. ಹೊಸಬರಿಗೆ ಅಲ್ಲಿ ಏನೂ ಕಾಣದು. ಆದರೆ ಹೊಲದ ಬದುವಿನ ಬೇವನ್ನು ನೋಡಬೇಕು. ಎಲೆಯೆಲ್ಲ ಉದುರಿಸಿದ ಮರ ಕೆಲವೇ ದಿನಗಳಲ್ಲಿ ತಾಮ್ರವರ್ಣದ ಚಿಗುರು ತಳೆದು, ಬೆನ್ನಿಗೇ ಸಣ್ಣ ಬಿಳಿ ಹೂಗಳಿಂದ ತುಂಬುತ್ತದೆ. ಕಹಿಗೆ ಹೆಸರಾದ ಮರದ ಹೂವು ಜೇನಿನಂತೆ ಕಂಪಿಡುವುದನ್ನು ಅಂಗಳದಲ್ಲಿ ಮಲಗಿದವರೇ ಬಲ್ಲರು. ಮರಾಠಿ ಮನೆಯವರು ಪಾಡ್ಯದಂದು ಗುಡಿಗೆ ಈ ಬೇವಿನ ಟೊಂಗೆಯನ್ನೇ ಕಟ್ಟುತ್ತಾರೆ. ಪಕ್ಕದ ಕನ್ನಡ ಮನೆಯಲ್ಲಿ ಅದೇ ಮರದ ಹೂವು ಬೆಲ್ಲ, ಹುಣಸೆಹುಳಿ, ಮಾವಿನಕಾಯಿ, ಪುಠಾಣಿಯೊಂದಿಗೆ ಸೇರಿ ಕುಡಿಯುವ ಬೇವು ಆಗುತ್ತದೆ.

ಮರ ಒಂದೇ, ಹೆಸರು ಮಾತ್ರ ಬೇರೆ ಬೇರೆ. ಬೇವು ತೆಲುಗಿನಲ್ಲಿ ವೇಪ, ತಮಿಳಿನಲ್ಲಿ ವೇಂಬು, ಮರಾಠಿಯಲ್ಲಿ ಕಡುನಿಂಬ. ಮುತ್ತುಗ ಮರಾಠಿಗೆ ಪಳಸ, ತೆಲುಗಿಗೆ ಮೋದುಗ. ಹೊಂಗೆ ತಮಿಳಿಗೆ ಪುಂಗೈ, ಮಲಯಾಳಕ್ಕೆ ಉಂಗ್. 1953ರಲ್ಲಿ, 1956ರಲ್ಲಿ ರಾಜ್ಯಗಳ ಗೆರೆ ಎಳೆದವರು ಮರಗಳ ಹೆಸರನ್ನೇನೂ ಬದಲಿಸಲಿಲ್ಲ. ಅಂಗಡಿಯ ಫಲಕ, ಬಸ್ಸಿನ ಬೋರ್ಡು ಬದಲಾದವು. ಅದು ಎಲ್ಲರಿಗೂ ಕಂಡಿತು. ಅಜ್ಜಿ ಸುರಗಿ ಎಂದದ್ದನ್ನು ಮೊಮ್ಮಗಳು ಬರಿಯ ‘ಹೂವು’ ಎನ್ನತೊಡಗಿದ್ದು ಅಷ್ಟು ಬೇಗ ಯಾರಿಗೂ ಕಾಣುವುದಿಲ್ಲ. ನೆರೆಭಾಷೆಯ ಹೆಸರು ಕಲಿಯುವುದು ಲಾಭವೇ. ಎರಡು ಹೆಸರು ಬಲ್ಲ ಮಗು ಶ್ರೀಮಂತ ಮಗು. ನಷ್ಟವಿರುವುದು ಎರಡೂ ತಿಳಿಯದೆ ಹೋಗುವುದರಲ್ಲಿ.

ನಾಡಿನ ಹೊರಗೆ ಕುಳಿತು ವಸಂತವನ್ನು ಕನ್ನಡದಲ್ಲಿ ಬರೆಯುವುದು ಹೊಸತಲ್ಲ. ಹತ್ತನೆಯ ಶತಮಾನದ ಪಂಪ ಬನವಾಸಿಯ ಚೆಲುವನ್ನು ನೆನೆದದ್ದು ಎಲ್ಲರೂ ಬಲ್ಲ ಸಂಗತಿ. ಅವನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಇರುವುದು ಇಂದಿನ ತೆಲಂಗಾಣದಲ್ಲಿ ಎಂಬುದನ್ನು ಮಕ್ಕಳಿಗೆ ಹೇಳುವವರು ಕಡಿಮೆ.

ತೆಲಂಗಾಣದ ದಕ್ಷಿಣಕ್ಕೆ ಆದೋನಿ, ರಾಯದುರ್ಗ, ಮಡಕಶಿರದ ಒಣಸೀಮೆ. ಅಲ್ಲಿ ಕನ್ನಡದವರಿಗೂ ತೆಲುಗಿನವರಿಗೂ ಯುಗಾದಿ ಒಂದೇ ದಿನ, ಬೇವು ಬೆಲ್ಲ ಒಂದೇ ರುಚಿ. ಹುಣಸೆಹಣ್ಣು ಬಡಿದು ಮುಗಿದ ಮೇಲೆ ಮರ ಮತ್ತೆ ಚಿಗುರುತ್ತದೆ. ಆ ಹುಳಿ ಚಿಗುರು ಬೇಳೆಯೊಂದಿಗೆ ಬೆಂದು ಊಟಕ್ಕೆ ಬರುತ್ತದೆ. ಹೊಂಗೆಯ ಹೂವು ಅರಳು ಚೆಲ್ಲಿದಂತೆ ನೆರಳಿನ ತುಂಬ ಬಿದ್ದಿರುತ್ತದೆ. ಪರೀಕ್ಷೆಯ ಓದಿನ ನಡುವೆ ಮಕ್ಕಳನ್ನು ಕರೆದು ಬೇವಿನ ಮರದ ಕೆಳಗೆ ಹಳೆಯ ಸೀರೆಯೊಂದನ್ನು ಹಾಸಿಸುತ್ತಾರೆ. ರಾತ್ರಿಯ ಗಾಳಿಗೆ ಉದುರಿದ ಹೂವನ್ನು ಬೆಳಗ್ಗೆ ಕೂಡಿಸಿ, ಕಸ ಆರಿಸಿ, ಮೊರದಲ್ಲಿ ಒಣಗಿಸಿ ಡಬ್ಬಿಗೆ ತುಂಬಿದರೆ ವರ್ಷವಿಡೀ ಸಾರಿನ ಒಗ್ಗರಣೆಗೆ ಆಯಿತು.