ಬೆಟ್ಟದ ತಪ್ಪಲಿನ ಮೆಲುದನಿ

ಬೆಟ್ಟ, ಸಮುದ್ರತೀರ, ಸಂತೆ ಎಂಬ ಮೂರು ಎಡೆಗಳಲ್ಲಿ ಮನೆ ಮಾಡಿದವರ ಅಂಜಿಕೆ ನಾಚಿಕೆಗಳನ್ನು ಕುರಿತು ಅಕ್ಕಮಹಾದೇವಿ ನುಡಿದ ವಚನವನ್ನು ಅರಿಯದ ಶರಣ ಕುಟುಂಬ ವಿರಳ. ಬಸವ ಜಯಂತಿಯ ವೇದಿಕೆಗಳಲ್ಲಿ ಹಾರ್ಮೋನಿಯಂ, ತಬಲಗಳೊಡನೆ ಏರುದನಿಯಲ್ಲಿ ಹಾಡಿದಾಗ ಅದು ಅಂಜುಬುರುಕರಿಗೆ ಒಡ್ಡಿದ ಸವಾಲಿನಂತೆ ಕೇಳಿಸುತ್ತದೆ. ಅದೂ ಸರಿಯೇ, ಸಭೆಗೆ ಸಭೆಯ ಧಾಟಿ ಬೇಕು.

ಶಿವಗಂಗೆಯ ತಪ್ಪಲಿನಲ್ಲಿ ವಾಸವಾಗಿದ್ದ ನಮ್ಮ ದೊಡ್ಡಮ್ಮನವರು ಅದೇ ವಚನವನ್ನು ಬೇರೊಂದು ಬಗೆಯಲ್ಲಿ ಹಾಡುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಊರಂಚಿನ ಮನೆಯಲ್ಲಿ ಒಬ್ಬರೇ ಬಾಳಿದವರು ಅವರು. ಇರುಳಿನ ಲಿಂಗಪೂಜೆ ಮುಗಿದ ಮೇಲೆ, ಪಕ್ಕದ ಕೋಣೆಗೂ ಕೇಳಿಸದಷ್ಟು ಮೆಲ್ಲಗೆ ಹಾಡುವರು. ಧಾಟಿ ಅವರದೇ, ಬೀಸುವ ಕಲ್ಲಿನ ಪದಗಳ ಎಳೆತ ಅದರಲ್ಲಿತ್ತು. 1994ರಲ್ಲಿ ಮನೆಯವರು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಒಂದು ಕ್ಯಾಸೆಟ್ಟು ಉಳಿದಿದೆ. ಅದು ಅಂಗಡಿಗೂ ಬರಲಿಲ್ಲ, ಆಕಾಶವಾಣಿಗೂ ಹೋಗಲಿಲ್ಲ. ಹಾಡಿನ ನಡುವೆ ಹೊರಗೆ ನಾಯಿ ಬೊಗಳುತ್ತದೆ. ದೊಡ್ಡಮ್ಮ ಹಾಡು ನಿಲ್ಲಿಸಿ ಕಿವಿಗೊಡುತ್ತಾರೆ. ನಾಯಿ ಸುಮ್ಮನಾದ ಮೇಲೂ ಕ್ಷಣಕಾಲ ಮೌನ. ಅನಂತರ, ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ.

ಆ ವಿರಾಮವೇ ಈ ವಚನಕ್ಕೆ ನಮಗೆ ದೊರೆತ ವ್ಯಾಖ್ಯಾನ. ಶಿವಗಂಗೆಯಲ್ಲಿ ಮೃಗಭಯ ಬರಿಯ ಉಪಮೆಯಾಗಿ ಉಳಿಯುವುದಿಲ್ಲ. ಸುಮಾರು 4,500 ಅಡಿ ಎತ್ತರದ ಆ ಬಂಡೆಬೆಟ್ಟದಲ್ಲಿ ಗಂಗಾಧರೇಶ್ವರನ ಸನ್ನಿಧಿಗೂ ಮೇಲಣಗವಿ ಮಠಕ್ಕೂ ಹಗಲೆಲ್ಲ ಭಕ್ತರ ಓಡಾಟವಿದ್ದರೂ, ಕತ್ತಲಾದ ಮೇಲೆ ಪೊದೆಗಳು ಚಿರತೆಯ ವಶ. 2024ರ ನವೆಂಬರಿನಲ್ಲಿ ಅದೇ ನೆಲಮಂಗಲ ತಾಲ್ಲೂಕಿನ ಕಂಬಾಳು ಗೊಲ್ಲರಹಟ್ಟಿಯಲ್ಲಿ ಮೇವು ತರಹೋದ ಹೆಣ್ಣುಮಗಳೊಬ್ಬಳು ಚಿರತೆಗೆ ಬಲಿಯಾದಳು. ಅಂಥ ನೆಲದಲ್ಲಿ ಈ ವಚನವನ್ನು ಗಟ್ಟಿದನಿಯಲ್ಲಿ ಹಾಡುವುದು ಸುಲಭವಲ್ಲ.

ಅಕ್ಕನ ಮಾತನ್ನು ನಿಧಾನವಾಗಿ ಓದಿ ನೋಡಬೇಕು. ಮೃಗಗಳಿಲ್ಲವೆಂದು ಆಕೆ ಸಂತೈಸುವುದಿಲ್ಲ. ತೆರೆಗಳು ನಿಂತಾವೆಂದು ಭರವಸೆ ಕೊಡುವುದಿಲ್ಲ. ಮನೆಯನ್ನು ಬಿಟ್ಟು ಬಾ ಎಂದೂ ಕರೆಯುವುದಿಲ್ಲ. ಸಂತೆಯ ಮನೆಗೆ ಬಂದಾಗ ಮಾತ್ರ ಅಂಜಿಕೆಯ ಎಡೆಯಲ್ಲಿ ನಾಚಿಕೆ ಬರುತ್ತದೆ. ಈ ಭೇದ ಜನರ ನಡುವೆ ಒಂಟಿಯಾದವರಿಗೆ ಚೆನ್ನಾಗಿ ಗೊತ್ತು. ಮದುವೆಮನೆಗಳಲ್ಲಿ ದೊಡ್ಡಮ್ಮನವರನ್ನು ಅರಿಸಿನ ಕುಂಕುಮದ ತಟ್ಟೆಯಿಂದ ದೂರ ಕೂರಿಸುತ್ತಿದ್ದುದನ್ನು ನಾವು ಕಂಡಿದ್ದೇವೆ. ಶರಣರ ಯಾವ ವಚನದ ಆಧಾರದ ಮೇಲೆ ಹಾಗೆ ಮಾಡುತ್ತಿದ್ದರೋ, ಕೇಳಿದರೆ ಉತ್ತರವಿರಲಿಲ್ಲ. ಅವರು ಮೂಲೆಯಲ್ಲಿ ಕುಳಿತು ವೀಳ್ಯದೆಲೆ ಒರೆಸುತ್ತಿದ್ದರು.

ಉಡುತಡಿಯನ್ನು ತೊರೆದು ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲಕ್ಕೂ ನಡೆದ ಅಕ್ಕ ಈ ಮಾತುಗಳನ್ನು ಯಾರಿಗೆ ಹೇಳಿದಳು? ಮೊದಲು ತನಗೇ ಹೇಳಿಕೊಂಡಿರಬೇಕು ಎಂಬುದು ನಮ್ಮ ಎಣಿಕೆ. ಸ್ತುತಿನಿಂದೆಗಳು ಬಂದಾಗ ಸಮಾಧಾನಿಯಾಗಿರಬೇಕೆಂಬ ಕೊನೆಯ ಮಾತು ಆಗ ಉಪದೇಶದ ಬಿಗಿ ಕಳೆದುಕೊಂಡು, ನಡುಗುವ ಕೈಯನ್ನು ಇನ್ನೊಂದು ಕೈ ಹಿಡಿದಂತೆ ಕೇಳಿಸುತ್ತದೆ. ಫ. ಗು. ಹಳಕಟ್ಟಿಯವರಂಥ ಮಹನೀಯರ ದುಡಿಮೆಯಿಂದ ವಚನಗಳು ಅಚ್ಚಿನಲ್ಲಿ ಉಳಿದವು. 1923ರ 'ವಚನಶಾಸ್ತ್ರಸಾರ'ವನ್ನು ನೆನೆದರೆ ಸಾಕು. ಆದರೆ ಇಂಥ ಮನೆಧಾಟಿಗಳನ್ನು ಓಲೆಗರಿಗಳಲ್ಲಿ ಹುಡುಕುವಂತಿಲ್ಲ.

ದೊಡ್ಡಮ್ಮನವರು ಈಗಿಲ್ಲ. ಕ್ಯಾಸೆಟ್ಟಿನ ಸುರುಳಿಯೂ ಸವೆದಿದೆ. ಕಳೆದ ಶ್ರಾವಣದಲ್ಲಿ ನಮ್ಮ ತಂಗಿಯ ಮಗಳು ಅದನ್ನು ಮತ್ತೆ ಮತ್ತೆ ಕೇಳಿ ಧಾಟಿ ಕಲಿತಳು. ವಾದ್ಯಗಳನ್ನು ಸೇರಿಸಿ ಹೊರತರೋಣವೆಂದು ಬಂಧುಗಳೊಬ್ಬರು ಮುಂದೆ ಬಂದರು. ಅವಳು ಒಪ್ಪದೆ, ಶ್ರುತಿಪೆಟ್ಟಿಗೆಯೂ ಇಲ್ಲದೆ ಮನೆಮಂದಿಯ ಮುಂದೆ ಹಾಡಿದಳು. ದೊಡ್ಡಮ್ಮ ನಿಲ್ಲಿಸಿದ್ದ ಎಡೆಯಲ್ಲಿಯೇ ತಾನೂ ನಿಲ್ಲಿಸಿ, ಅಷ್ಟೇ ಹೊತ್ತು ಸುಮ್ಮನಿದ್ದಳು. ಆ ಮೌನವನ್ನೂ ಅವಳು ಧಾಟಿಯೆಂದೇ ಕಲಿತಿದ್ದಳು. ನಾವು ತಿದ್ದಲಿಲ್ಲ.