ಬೇಬೆಲ್ ಚೌಕದ ಬರಿದಾದ ಕಪಾಟುಗಳು

ಯಾತ್ರೆಯೆಂದೊಡನೆ ನಮ್ಮವರ ಮನಸ್ಸು ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲಗಳತ್ತ ಹರಿಯುವುದು ಸಹಜ. ಗುಡಿಯಿಲ್ಲದ, ಗದ್ದುಗೆಯಿಲ್ಲದ, ಗಂಟೆಯ ನಾದವಿಲ್ಲದ ಒಂದು ಬಯಲಿನಲ್ಲಿ ತಲೆಬಾಗಿ ನಿಂತು ಬಂದ ಸಂಗತಿಯನ್ನು ಈ ಸಲ ಓದುಗ ಶರಣಬಂಧುಗಳ ಮುಂದೆ ನಿವೇದಿಸಬಯಸುತ್ತೇವೆ. ಅದು ಜರ್ಮನಿಯ ರಾಜಧಾನಿ ಬರ್ಲಿನ್ ನಗರದ ನಡುವೆ ಇರುವ ಬೇಬೆಲ್‌ಪ್ಲಾಟ್ಸ್ ಎಂಬ ಚೌಕ.

ನಮ್ಮ ಮಗಳು ಮತ್ತು ಅಳಿಯಂದಿರು ಆ ಊರಿನಲ್ಲಿ ಉದ್ಯೋಗದಲ್ಲಿದ್ದಾರೆ. 2024ರ ಬೇಸಿಗೆಯಲ್ಲಿ ನಾವು ದಂಪತಿಗಳು ಅವರಲ್ಲಿಗೆ ಹೋಗಿದ್ದೆವು. ಆ ವರ್ಷ ಬಸವ ಜಯಂತಿಯು ಮೇ 10ರಂದು ಬಂದಿತ್ತು. ಬೆಳಿಗ್ಗೆ ಮನೆಯಲ್ಲಿಯೇ ಲಿಂಗಪೂಜೆಯನ್ನು ಪೂರೈಸಿ, ಬಸವಣ್ಣನವರ ಭಾವಚಿತ್ರಕ್ಕೆ ಹೂವೇರಿಸಿ, ಮೊಮ್ಮಗನಿಂದ ನಾಲ್ಕು ವಚನಗಳನ್ನು ಹೇಳಿಸಿ, ಹೋಳಿಗೆಯ ಪ್ರಸಾದವನ್ನು ಸ್ವೀಕರಿಸಿದೆವು. ಸಂಜೆ ಅಳಿಯಂದಿರು, "ಮಾವನವರೇ, ಈ ಊರಿನವರಿಗೂ ಇಂದಿನ ತಾರೀಖು ನೆನಪಿಡಬೇಕಾದದ್ದು. ಒಂದು ಸ್ಥಳ ತೋರಿಸುತ್ತೇನೆ, ಬನ್ನಿ" ಎಂದು ಕರೆದೊಯ್ದರು.

ಉಂಟರ್ ಡೆನ್ ಲಿಂಡೆನ್ ಎಂಬುದು ಲಿಂಡೆನ್ ಮರಗಳ ಸಾಲಿನಿಂದ ಶೋಭಿಸುವ ರಾಜಬೀದಿ. ಅದರ ಒಂದು ಬದಿಗೆ ಹುಂಬೋಲ್ಟ್ ವಿಶ್ವವಿದ್ಯಾಲಯ. ಅದಕ್ಕೆದುರಾಗಿ ಈ ಚೌಕ. ಒಂದು ಮಗ್ಗುಲಿಗೆ ಒಪೆರಾ ಭವನ, ಇನ್ನೊಂದು ಮಗ್ಗುಲಿಗೆ ಹಳೆಯ ರಾಜಗ್ರಂಥಾಲಯದ ಬಾಗಿದ ಕಟ್ಟಡ, ಹಿಂದೆ ಸಂತ ಹೆಡ್ವಿಗ್ ಕೆಥೆಡ್ರಲಿನ ಗುಮ್ಮಟ. ನಡುವೆ ಕಲ್ಲು ಹಾಸಿದ ಬರಿಯ ಬಯಲು. ಪ್ರತಿಮೆಯಿಲ್ಲ, ಸ್ತಂಭವಿಲ್ಲ. ಇಷ್ಟು ದೂರ ಬಂದು ನೋಡುವುದೇನು ಎಂದು ನಾವು ಯೋಚಿಸುತ್ತಿರುವಾಗಲೇ, ಮುಂದೆ ಓಡಿದ ಮೊಮ್ಮಗನು ನೆಲದ ಮೇಲೆ ಬಾಗಿ ನಿಂತುಬಿಟ್ಟನು.

ಅಲ್ಲಿ ಕಲ್ಲುಹಾಸಿನ ನಡುವೆ ಒಂದು ಚೌಕಾಕಾರದ ಗಾಜು. ಅದರ ಕೆಳಗೆ, ನೆಲದೊಳಗೆ, ಅಚ್ಚ ಬಿಳಿಯ ಕೋಣೆ. ನಾಲ್ಕೂ ಗೋಡೆಗಳಿಗೆ ತಳದಿಂದ ತುದಿಯವರೆಗೆ ಪುಸ್ತಕದ ಕಪಾಟುಗಳು. ಸುಮಾರು 20,000 ಗ್ರಂಥಗಳು ಹಿಡಿಯುವಷ್ಟು ಸ್ಥಳ. ಆದರೆ ಒಂದು ಹೊತ್ತಿಗೆಯೂ ಇಲ್ಲ. ಕೋಣೆಗೆ ಇಳಿಯಲು ನೋಡುವವರಿಗೆ ದಾರಿಯೂ ಇಲ್ಲ.

"ಅಜ್ಜಾ, ಪುಸ್ತಕಗಳೆಲ್ಲ ಎಲ್ಲಿ?" ಎಂದು ಹುಡುಗನು ಕೇಳಿದನು.

ಅವನಿಗೆ ಹೇಳಿದ್ದನ್ನೇ ಓದುಗರಿಗೂ ಹೇಳುತ್ತೇವೆ. ಹಿಟ್ಲರನು ಅಧಿಕಾರಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ, 1933ರ ಮೇ 10ರ ರಾತ್ರಿ, ಈ ಬಯಲಿನಲ್ಲಿ ಸುಮಾರು 20,000 ಪುಸ್ತಕಗಳನ್ನು ಸುಟ್ಟರು. ಅಂದು ಇದರ ಹೆಸರು ಒಪೆರಾ ಚೌಕ. ಅದೇ ರಾತ್ರಿ ಆ ದೇಶದ 20ಕ್ಕೂ ಹೆಚ್ಚು ವಿಶ್ವವಿದ್ಯಾಲಯ ನಗರಗಳಲ್ಲಿ ಇಂಥದೇ ಚಿತೆಗಳು ಉರಿದವು. ಬರ್ಲಿನ್ನಿನಲ್ಲಿ ಮಂತ್ರಿ ಗೋಬೆಲ್ಸ್ ನಿಂತು ಭಾಷಣ ಮಾಡಿದನು. ಬೆಂಕಿಗೆ ಬಿದ್ದ ಕೃತಿಗಳಲ್ಲಿ ಸಿಗ್ಮಂಡ್ ಫ್ರಾಯ್ಡ್, ಕಾರ್ಲ್ ಮಾರ್ಕ್ಸ್, ಯುದ್ಧದ ಘೋರವನ್ನು ಬರೆದ ರಿಮಾರ್ಕ್ ಮೊದಲಾದವರ ಗ್ರಂಥಗಳಿದ್ದವು. ಮಕ್ಕಳ ಕಥೆಗಳಿಂದಲೂ ಪ್ರಸಿದ್ಧರಾದ ಎರಿಕ್ ಕೆಸ್ಟ್ನರ್ ಅವರು ಜನಸಂದಣಿಯ ನಡುವೆ ನಿಂತು ತಮ್ಮ ಪುಸ್ತಕಗಳು ಉರಿಯುವುದನ್ನು ಕಣ್ಣಾರೆ ಕಂಡರು. ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡೂ ವಿದ್ಯಾವಂತೆಯಾದ ಅಮೆರಿಕದ ಹೆಲೆನ್ ಕೆಲರ್ ಅವರ ಬರಹವನ್ನೂ ಬಿಡಲಿಲ್ಲ. ವಿಚಾರಗಳನ್ನು ಕೊಲ್ಲಲಾಗದೆಂದು ಆ ತಾಯಿಯು ಜರ್ಮನಿಯ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ ಬರೆದರು.

ನಮ್ಮನ್ನು ಹೆಚ್ಚು ಕಲಕಿದ ಸಂಗತಿ ಬೇರೆಯೇ ಇದೆ. ಸುಟ್ಟವರು ಪುಂಡರಲ್ಲ, ಅನಕ್ಷರಸ್ಥರಲ್ಲ. ಆ ಕಾರ್ಯವನ್ನು ಸಂಘಟಿಸಿದ್ದು ವಿದ್ಯಾರ್ಥಿಗಳ ಸಂಘ. ಜೊತೆಗೆ ನಿಂತವರಲ್ಲಿ ಅಧ್ಯಾಪಕರಿದ್ದರು. ತೆಗೆಯಬೇಕಾದ ಪುಸ್ತಕಗಳ ಪಟ್ಟಿ ಮಾಡಿಕೊಟ್ಟವನು ಒಬ್ಬ ಗ್ರಂಥಪಾಲಕ. ಮೊದಲು ನಿಮ್ಮ ಕಪಾಟು, ಬಳಿಕ ಪರಿಚಿತರ ಕಪಾಟು, ಆಮೇಲೆ ಸಾರ್ವಜನಿಕ ಗ್ರಂಥಾಲಯ ಎಂಬ ಕ್ರಮದಲ್ಲಿ ಶುದ್ಧಿ ಮಾಡಿರೆಂದು ವಿದ್ಯಾರ್ಥಿಗಳಿಗೆ ಸೂಚನೆ ಹೋಗಿತ್ತು. ಪುಸ್ತಕ ಸುಡುವಲ್ಲಿ ಕೊನೆಗೆ ಮನುಷ್ಯರನ್ನೂ ಸುಡುವರೆಂದು ಹೈನೆ ಎಂಬ ಕವಿಯು ಒಂದು ಶತಮಾನಕ್ಕೂ ಹಿಂದೆಯೇ ತನ್ನ ನಾಟಕದಲ್ಲಿ ಎಚ್ಚರಿಸಿದ್ದನು. ಆ ಮಾತನ್ನು ಈಗ ಅಲ್ಲಿಯ ಫಲಕದಲ್ಲಿ ಬರೆಸಿದ್ದಾರೆ. ಅವನ ಪುಸ್ತಕಗಳೂ ಆ ಬೆಂಕಿಗೆ ಆಹುತಿಯಾದವು. ಅವನ ಎಚ್ಚರಿಕೆಯೂ ನಿಜವಾಯಿತು. ಈ ಬರಿಯ ಕೋಣೆಯನ್ನು ರಚಿಸಿದವರು ಇಸ್ರೇಲಿನ ಕಲಾವಿದ ಮಿಖಾ ಉಲ್ಮನ್. ಅದು 1995ರಲ್ಲಿ ಲೋಕಾರ್ಪಣೆಯಾಯಿತು.

ಗಾಜಿನೊಳಗೆ ಇಣುಕಿದಾಗ ಆಕಾಶದ ಬೆಳಕಿಗೆ ಕಪಾಟುಗಳ ಮೇಲೆ ನಮ್ಮದೇ ಮುಖ ತೇಲಿದಂತೆ ಕಂಡಿತು. ಆಗ ಮನಸ್ಸು ಮೂವತ್ತು ವರ್ಷ ಹಿಂದಕ್ಕೆ ಓಡಿತು.

ನಾವು ಮುಖ್ಯೋಪಾಧ್ಯಾಯರಾಗಿದ್ದ ಒಂದು ಪ್ರೌಢಶಾಲೆಗೆ ಊರ ಹಿರಿಯರು ನಾಲ್ವರು ಬಂದರು. ಗ್ರಂಥಾಲಯದಲ್ಲಿರುವ ಒಂದು ಕಾದಂಬರಿಯು ಶರಣರನ್ನು ಹಗುರವಾಗಿ ಕಾಣುತ್ತದೆ, ಮಕ್ಕಳ ಕೈಗೆ ಅದು ಸಿಗಬಾರದು ಎಂಬುದು ಅವರ ದೂರು. ಅದು ಸರ್ಕಾರ ನಿಷೇಧಿಸಿದ ಪುಸ್ತಕವಾಗಿರಲಿಲ್ಲ. ಬಂದವರಾರೂ ಅದನ್ನು ಓದಿರಲಿಲ್ಲ; ನಾವೂ ಓದಿರಲಿಲ್ಲ. ಆದರೂ ಅಂದೇ ಅದನ್ನು ತರಿಸಿ, ಕಚೇರಿಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ದಾಖಲೆ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದೆವು. ಅದನ್ನು ಎರವಲು ಪಡೆದು ಅರ್ಧ ಓದಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಸರ್, ಅದರಲ್ಲಿ ತಪ್ಪೇನಿದೆ ಅಂತ ಹೇಳ್ತೀರಾ?" ಎಂದು ಕೇಳಿದಳು. ಹೇಳಲು ನಮಗೆ ಗೊತ್ತಿರಲಿಲ್ಲ. "ಹೋಗಿ ಪಾಠ ಓದಿಕೋ" ಎಂದು ಗದರಿಸಿ ಕಳಿಸಿದೆವು.

ಒಂದು ಬೀಗಕ್ಕೂ ಆ ರಾತ್ರಿಯ ಬೆಂಕಿಗೂ ಅಜಗಜಾಂತರವಿದೆ ಎಂಬುದನ್ನು ಬಲ್ಲೆವು. ಆದರೆ ಓದದೆಯೇ ತೀರ್ಪು ಕೊಡುವ ಮೊದಲ ಹೆಜ್ಜೆ ಎರಡಕ್ಕೂ ಒಂದೇ ಅಲ್ಲವೇ? ಆ ಸಂಜೆ ಮನೆಗೆ ಮರಳುವ ದಾರಿಯುದ್ದಕ್ಕೂ ಇದೇ ಚಿಂತೆಯಾಯಿತು.

ನಮ್ಮ ಸಮಾಜವೂ ಈ ಪ್ರಶ್ನೆಯನ್ನು ಎದುರಿಸದೆ ಇಲ್ಲ. ಬಸವಣ್ಣನವರ ಸಹೋದರಿ ಅಕ್ಕನಾಗಮ್ಮನವರನ್ನು ಕುರಿತ ಭಾಗಗಳಿಗಾಗಿ ಪಿ. ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು 1997ರಲ್ಲಿಯೂ, ವಚನಾಂಕಿತವನ್ನು 'ಲಿಂಗದೇವ' ಎಂದು ಬದಲಿಸಿದ ಕಾರಣಕ್ಕೆ ಮಾತೆ ಮಹಾದೇವಿಯವರ 'ಬಸವ ವಚನ ದೀಪ್ತಿ'ಯನ್ನು 1998ರಲ್ಲಿಯೂ ರಾಜ್ಯ ಸರ್ಕಾರವು ಮುಟ್ಟುಗೋಲು ಹಾಕಿಕೊಂಡಿತು. ಸರ್ವೋಚ್ಚ ನ್ಯಾಯಾಲಯವು ಆ ಕ್ರಮಗಳನ್ನು ಕ್ರಮವಾಗಿ 2007 ಮತ್ತು 2017ರಲ್ಲಿ ಎತ್ತಿಹಿಡಿಯಿತು. ನಮ್ಮ ಸಂವಿಧಾನವು 19ನೆಯ ವಿಧಿಯಲ್ಲಿ ವಾಕ್‌ಸ್ವಾತಂತ್ರ್ಯವನ್ನೂ ಅದಕ್ಕೆ ಯುಕ್ತವಾದ ಮಿತಿಗಳನ್ನೂ ಹೇಳಿದೆ. ನ್ಯಾಯಾಲಯದ ತೀರ್ಪಿಗೆ ತಲೆಬಾಗುವುದು ಪೌರಧರ್ಮ. ಭಕ್ತರಿಗಾದ ನೋವೂ ಸುಳ್ಳಲ್ಲ. ಆದರೆ ನೋವಾದಾಗಲೆಲ್ಲ ಬೀಗವನ್ನೇ ಬೇಡುವುದು ಅನುಭವ ಮಂಟಪದ ವಾರಸುದಾರರಿಗೆ ಒಪ್ಪುವುದೇ? ಪ್ರಶ್ನೆಗೆ ಉತ್ತರ ಕೊಡುತ್ತ, ಉತ್ತರವನ್ನು ಮತ್ತೆ ಪ್ರಶ್ನಿಸುತ್ತ ಬೆಳೆದ ಧರ್ಮ ನಮ್ಮದು.

ಪುಸ್ತಕವೊಂದರ ಬೆಲೆ ಏನೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿಗಳನ್ನು ಸಂಗ್ರಹಿಸದೆ ಹೋಗಿದ್ದರೆ ಎಷ್ಟು ಶರಣರ ವಾಣಿ ನಮ್ಮ ಕಿವಿಗೆ ಬೀಳುತ್ತಿತ್ತು? ಅವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ಇದ್ದ ಮನೆಯನ್ನು ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಬರ್ಲಿನ್ನಿನ ಪಂಡಿತರು ಕಪಾಟುಗಳನ್ನು ಬರಿದು ಮಾಡುತ್ತಿದ್ದ ಆ ವರ್ಷಗಳಲ್ಲಿ ಈ ವಕೀಲರು ನಮ್ಮ ಕಪಾಟುಗಳನ್ನು ತುಂಬುತ್ತಿದ್ದರು.

ಊರಿಗೆ ಮರಳಿದ ಮೇಲೆ ಆ ಶಾಲೆಗೆ ಹೋಗಿ ವಿಚಾರಿಸಿದೆವು. ಬೀರು ಹರಾಜಾಗಿ ಹೋಗಿತ್ತು, ಪುಸ್ತಕದ ಸುಳಿವಿಲ್ಲ. ದಾಖಲೆ ಪುಸ್ತಕದ ಹಳದಿ ಹಾಳೆಯಲ್ಲಿ ನಾವು ಎಳೆದ ಕೆಂಪು ಗೆರೆ ಮಾತ್ರ ಹಾಗೆಯೇ ಇತ್ತು. ಹಳೆಯ ಪುಸ್ತಕದ ಅಂಗಡಿಯಲ್ಲಿ ಇನ್ನೊಂದು ಪ್ರತಿಯನ್ನು ಹುಡುಕಿ ಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದೆವು. ಅದರ ಹಲವು ಮಾತುಗಳು ನಮಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಏಕೆ ಒಪ್ಪಿಗೆಯಿಲ್ಲ ಎಂಬುದನ್ನು ಈಗ ಹೇಳಬಲ್ಲೆವು. ಅಂದು ಬಾಗಿಲಲ್ಲಿ ನಿಂತು ಕೇಳಿದ ಆ ಮಗಳು ಇಂದು ಎಲ್ಲಿದ್ದಾಳೋ ತಿಳಿಯದು. ಅವಳಿಗೆ ಕೊಡಬೇಕಾಗಿದ್ದ ಉತ್ತರ ಮೂವತ್ತು ವರ್ಷ ತಡವಾಯಿತು.

ಓದುಗ ಬಂಧುಗಳ ಮನೆಗಳಲ್ಲಿ ಮಕ್ಕಳ ಕೈಯಲ್ಲಿ ಒಪ್ಪಿಗೆಯಾಗದ ಪುಸ್ತಕ ಕಂಡರೆ ಕಿತ್ತುಕೊಳ್ಳುವ ಮೊದಲು ತಾವೂ ಅದನ್ನು ಓದಬೇಕೆಂಬುದು ನಮ್ಮ ವಿನಂತಿ. ಓದಿ, ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಮಾತನಾಡಿದರೆ ಮನೆಯೇ ಅನುಭವ ಮಂಟಪವಾದೀತು.